ಚಹಾ ಅಗ್ಗವಾದರೂ ಬಾಸ್ಟನ್ ಯಾಕೆ ಸಿಡಿಯಿತು?

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಬ್ರಿಟಿಷರು ವಿಪರೀತ ತೆರಿಗೆ ಹಾಕಿದರು, ಚಹಾ ದುಬಾರಿಯಾಯಿತು, ಜನ ರೊಚ್ಚಿಗೆದ್ದು ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು ಎಂಬುದು ಅಮೆರಿಕದ ಕ್ರಾಂತಿಯ ಬಗ್ಗೆ ಎಲ್ಲರೂ ಹೇಳುವ ಕಥೆ. ಈ ವರ್ಷ ಒಬ್ಬ ವಿದ್ಯಾರ್ಥಿನಿ, “1773ರ ಕಾಯ್ದೆಯಿಂದ ಚಹಾದ ಬೆಲೆ ಇಳಿಯಿತು ಅಂತ ಓದಿದೆ, ಹಾಗಾದರೆ ಎಸೆದದ್ದು ಯಾಕೆ ಮೇಡಂ? ಕಳ್ಳಸಾಗಣೆದಾರರಿಗೆ ನಷ್ಟವಾಗುತ್ತೆ ಅಂತಾನಾ?” ಎಂದು ಕೇಳಿದಳು. ಇನ್ನೊಬ್ಬ, ಅದು ನಮ್ಮ ಅಸ್ಸಾಂ ಚಹಾವೇ ಎಂದ. ತರಗತಿಯಲ್ಲಿ ಇದನ್ನೇ ಚರ್ಚೆಗೆ ಇಡಬೇಕೆಂದಿದ್ದೇನೆ. ಯಾವುದು ನಿಜ, ಎರಡೂ ಕಡೆಯವರಿಗೆ ಬೇರೆ ದಾರಿಗಳಿದ್ದವೇ, ಚರ್ಚೆಯನ್ನು ಹೇಗೆ ನಡೆಸಲಿ? ಕರ್ನಾಟಕಕ್ಕೂ ಈ ಘಟನೆಗೂ ಏನಾದರೂ ನಂಟಿದೆಯೇ?

ಉತ್ತರ: ನಿಮ್ಮ ವಿದ್ಯಾರ್ಥಿನಿ ಓದಿರುವುದು ಸರಿಯಾಗಿದೆ. 1773ರ ಮೇ ತಿಂಗಳಲ್ಲಿ ಬಂದ ಚಹಾ ಕಾಯ್ದೆ ಹೊಸ ತೆರಿಗೆಯನ್ನೇನೂ ಹಾಕಲಿಲ್ಲ. ಲಂಡನ್ನಿನಲ್ಲಿ ಚಹಾದ ಮೇಲೆ ಕಟ್ಟುತ್ತಿದ್ದ ಆಮದು ಸುಂಕವನ್ನು, ಆ ಚಹಾ ಅಮೆರಿಕಕ್ಕೆ ಹೋದರೆ, ಪೂರ್ತಿಯಾಗಿ ವಾಪಸು ಕೊಡುವುದಾಗಿ ಹೇಳಿತು. ಹರಾಜು ಮತ್ತು ನಡುವಿನ ಸಗಟು ವ್ಯಾಪಾರಿಗಳನ್ನು ಬಿಟ್ಟು ಈಸ್ಟ್ ಇಂಡಿಯಾ ಕಂಪನಿ ತಾನೇ ಆರಿಸಿದ ಏಜೆಂಟರ ಮೂಲಕ ನೇರವಾಗಿ ಮಾರಬಹುದು ಎಂದಿತು. ಹಾಗೆಯೇ ಉಳಿದದ್ದು 1767ರಿಂದ ಇದ್ದ ಒಂದೇ ಸುಂಕ, ಪೌಂಡ್ ತೂಕಕ್ಕೆ 3 ಪೆನ್ಸ್. ಡಚ್ಚರಿಂದ ಕದ್ದು ತರುತ್ತಿದ್ದ ಚಹಾಕ್ಕೆ ಸರಿಸಾಟಿಯಾಗುವಷ್ಟು ಬೆಲೆ ಇಳಿಯುವುದಿತ್ತು.

ಲೆಕ್ಕ ಹಾಕಿ ನೋಡಿ, ಅದನ್ನೇ ಬೋರ್ಡಿನ ಮೇಲೂ ಬರೆಯಿರಿ. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನಲ್ಲಿ ನೀರುಪಾಲಾದ ಚಹಾ ಸುಮಾರು 92,000 ಪೌಂಡ್ ತೂಕ, ಅಂದರೆ ಸುಮಾರು 42 ಟನ್. ಪೌಂಡಿಗೆ 3 ಪೆನ್ಸಿನಂತೆ ಅದರ ಸುಂಕ 2,76,000 ಪೆನ್ಸ್. ಆಗ ಒಂದು ಪೌಂಡ್ ಹಣಕ್ಕೆ 240 ಪೆನ್ಸ್, ಆದ್ದರಿಂದ ಒಟ್ಟು ಸುಂಕ 1,150 ಪೌಂಡ್. ಚಹಾದ ಬೆಲೆ ಎಂದು ಕಂಪನಿ ತೋರಿಸಿದ ನಷ್ಟ 9,659 ಪೌಂಡ್. ಸುಂಕದ ಹೊರೆ ತಾಳಲಾರದೆ ಈ ಕೆಲಸ ಮಾಡಿದರು ಎನ್ನುವ ವಿವರಣೆ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಬ್ರಿಟನ್ನಿನ ನಿವಾಸಿಗಳಿಗೆ ಹೋಲಿಸಿದರೆ ಅಮೆರಿಕದ ವಸಾಹತುಗಳ ಜನ ಕಟ್ಟುತ್ತಿದ್ದ ತೆರಿಗೆ ತೀರಾ ಕಡಿಮೆ ಇತ್ತು.

ಹಾಗಾದರೆ ಜಗಳ ಯಾವುದರ ಬಗ್ಗೆ? ನನ್ನ ಪ್ರಕಾರ ಪಾಠದ ಜೀವ ಇರುವುದು ಒಂದೇ ಪ್ರಶ್ನೆಯಲ್ಲಿ: ಆ ಹಣದಿಂದ ಯಾರಿಗೆ ಸಂಬಳ ಹೋಗುತ್ತಿತ್ತು?

ಬಾಸ್ಟನ್ ಇದ್ದ ಮ್ಯಾಸಚೂಸೆಟ್ಸ್‌ನಂಥ ವಸಾಹತಿನಲ್ಲಿ ಗವರ್ನರನನ್ನು ನೇಮಿಸುತ್ತಿದ್ದವನು ದೊರೆ. ಆದರೆ ಅವನ ಸಂಬಳವನ್ನು ಮಂಜೂರು ಮಾಡುತ್ತಿದ್ದದ್ದು ಅಲ್ಲಿನ ಜನ ಆರಿಸಿದ ಶಾಸನಸಭೆ, ಅದೂ ವರ್ಷ ವರ್ಷವೂ. ಗವರ್ನರ್ ಹಟ ಹಿಡಿದರೆ ಸಭೆ ಕೈ ಬಿಗಿ ಮಾಡುತ್ತಿತ್ತು. ಬೇರೆ ಯಾವ ಅಧಿಕಾರವೂ ಇಲ್ಲದ ಜನರಿಗೆ ಇದೊಂದು ಲಗಾಮು. ಊರಿನ ಶಾನುಭೋಗನಿಗೆ ಊರವರೇ ಕಾಳು ಅಳೆದು ಕೊಡುವವರೆಗೆ ಅವನು ಊರಿನ ಮಾತು ಕೇಳುತ್ತಾನೆ. ಅವನ ಸಂಬಳ ಅರಮನೆಯಿಂದಲೇ ಬರತೊಡಗಿದರೆ ಊರಿನ ಮುಖ ನೋಡಬೇಕಾದ ಅಗತ್ಯವೇನು? 1767ರಲ್ಲಿ ಹಣಕಾಸು ಮಂತ್ರಿ ಚಾರ್ಲ್ಸ್ ಟೌನ್‌ಶೆಂಡ್ ಗಾಜು, ಸೀಸ, ಬಣ್ಣ, ಕಾಗದ ಮತ್ತು ಚಹಾದ ಮೇಲೆ ಸುಂಕ ಹಾಕಿದಾಗ, ಈ ಆದಾಯದಿಂದ ವಸಾಹತುಗಳ ನ್ಯಾಯಾಡಳಿತ ಮತ್ತು ಸರ್ಕಾರದ ಖರ್ಚು ನಡೆಸಲಾಗುವುದು ಎಂದು ಕಾಯ್ದೆಯ ಪೀಠಿಕೆಯಲ್ಲೇ ಬರೆಯಲಾಗಿತ್ತು. 1770ರಲ್ಲಿ ಉಳಿದ ಸುಂಕಗಳನ್ನು ತೆಗೆದರೂ ಚಹಾದ್ದನ್ನು ಉಳಿಸಿಕೊಂಡರು. 1772ರಲ್ಲಿ, ಮ್ಯಾಸಚೂಸೆಟ್ಸ್‌ನ ಗವರ್ನರ್ ಮತ್ತು ಮೇಲಿನ ನ್ಯಾಯಾಲಯದ ನ್ಯಾಯಾಧೀಶರಿಗೆ ಇನ್ನು ಮುಂದೆ ರಾಜಾದಾಯದಿಂದಲೇ ಸಂಬಳ ಎಂಬ ಸುದ್ದಿ ಬಂತು. ಬಾಸ್ಟನ್ ಪಟ್ಟಣ ಪತ್ರವ್ಯವಹಾರ ಸಮಿತಿಯನ್ನು ರಚಿಸಿ ಹಳ್ಳಿ ಹಳ್ಳಿಗೆ ಪತ್ರ ಬರೆದದ್ದು ಅದೇ ನವೆಂಬರಿನಲ್ಲಿ. ಚಹಾದ ಹಡಗುಗಳು ಬರುವುದಕ್ಕೆ ಇನ್ನೂ ಒಂದು ವರ್ಷವಿತ್ತು.

ಅಗ್ಗದ ಚಹಾ ಯಾಕೆ ಅಪಾಯಕಾರಿ ಎನಿಸಿತು ಎಂಬುದು ಇಲ್ಲಿ ತಿಳಿಯುತ್ತದೆ. ದುಬಾರಿ ಚಹಾವನ್ನು ಬಹಿಷ್ಕರಿಸುವುದು ಸುಲಭ. ಅಗ್ಗದ್ದನ್ನು ಜನ ಕೊಳ್ಳುತ್ತಾರೆ, ಕೊಂಡವರು ತಮಗರಿವಿಲ್ಲದೆ 3 ಪೆನ್ಸ್ ಕಟ್ಟಿರುತ್ತಾರೆ, ಆ ಹಣ ಗವರ್ನರನನ್ನು ಶಾಸನಸಭೆಯ ಹಿಡಿತದಿಂದ ಬಿಡಿಸುತ್ತದೆ, ಮತ್ತು ತೆರಿಗೆ ಹಾಕುವ ಹಕ್ಕು ಪಾರ್ಲಿಮೆಂಟಿಗೆ ಇದೆ ಎಂಬುದನ್ನು ಒಪ್ಪಿದಂತೆಯೂ ಆಗುತ್ತದೆ.

ಕಳ್ಳಸಾಗಣೆಯ ಮಾತು ಅರ್ಧ ನಿಜ. ಡಚ್ ಚಹಾ ತರುತ್ತಿದ್ದ ವ್ಯಾಪಾರಿಗಳಿಗೆ ಪೆಟ್ಟು ಬೀಳುವುದಿತ್ತು, ಅವರು ಗಲಾಟೆಯಲ್ಲಿ ಮುಂದೆಯೇ ಇದ್ದರು. ಆದರೆ ಕಳ್ಳ ಚಹಾದ ದೊಡ್ಡ ಮಾರುಕಟ್ಟೆಗಳು ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ. ಸುಂಕ ಕಟ್ಟಿದ ಚಹಾ ಗಣನೀಯವಾಗಿ ಬರುತ್ತಿದ್ದದ್ದು ಬಾಸ್ಟನ್ನಿಗೇ. ಕಾನೂನುಬದ್ಧವಾಗಿ ವ್ಯಾಪಾರ ಮಾಡುತ್ತಿದ್ದವರಿಗೂ ಏಜೆಂಟರ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಬಾಸ್ಟನ್ನಿನಲ್ಲಿ ಆ ಪಟ್ಟಿಯಲ್ಲಿ ಗವರ್ನರ್ ಥಾಮಸ್ ಹಚಿನ್‌ಸನ್‌ನ ಇಬ್ಬರು ಗಂಡುಮಕ್ಕಳಿದ್ದರು. ಇಂದು ಚಹಾ, ನಾಳೆ ಇನ್ನಾವ ಸರಕಿಗೆ ಕಂಪನಿಯ ಏಕಸ್ವಾಮ್ಯ ಬರುತ್ತದೋ ಎಂಬ ಭಯ ಹಡಗುಕಟ್ಟೆಯ ಕೂಲಿಯವರೆಗೂ ಇಳಿದಿತ್ತು.

ಇನ್ನು ಅಸ್ಸಾಂ. ಆ ಪೆಟ್ಟಿಗೆಗಳಲ್ಲಿದ್ದದ್ದು ಚೀನಾದ ಚಹಾ, ಹೆಚ್ಚಿನದು ಬೊಹೀ ಎಂಬ ಸಾಧಾರಣ ಕಪ್ಪು ಚಹಾ. ಅಸ್ಸಾಮಿನ ಚಹಾ ವ್ಯಾಪಾರಕ್ಕೆ ಬಂದದ್ದು 1830ರ ದಶಕದ ಕೊನೆಗೆ. ಆದರೆ ಭಾರತದ ನಂಟು ಬೇರೆ ಕಡೆ ಇದೆ, ಅದು ಹೆಚ್ಚು ಆಳದ್ದು. ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಕೈಗೆ ಬಂದ ಮೇಲೆ ಕಂಪನಿಯ ಷೇರುದಾರರು ದೊಡ್ಡ ಲಾಭಾಂಶ ಬಯಸಿದರು, ಬ್ರಿಟಿಷ್ ಸರ್ಕಾರ ವರ್ಷಕ್ಕೆ 4 ಲಕ್ಷ ಪೌಂಡ್ ಪಾಲು ಕೇಳಿತು. ಸೇನೆಯ ಖರ್ಚು ಏರಿತು, 1769–70ರ ಭೀಕರ ಬರ ಬಂಗಾಳವನ್ನು ನುಂಗಿತು, 1772ರಲ್ಲಿ ಲಂಡನ್ನಿನ ಸಾಲದ ಪೇಟೆ ಕುಸಿಯಿತು. ಗೋದಾಮಿನಲ್ಲಿ ಸುಮಾರು 1.7 ಕೋಟಿ ಪೌಂಡ್ ತೂಕದ ಚಹಾ ಕೊಳೆಯುತ್ತಿತ್ತು. ಆಗ ಪಾರ್ಲಿಮೆಂಟ್ ಕಂಪನಿಗೆ 14 ಲಕ್ಷ ಪೌಂಡ್ ಸಾಲ ಕೊಟ್ಟಿತು, ಕಲ್ಕತ್ತೆಗೆ ಗವರ್ನರ್ ಜನರಲ್ ಹುದ್ದೆ ತಂದ ರೆಗ್ಯುಲೇಟಿಂಗ್ ಕಾಯ್ದೆ ಮಾಡಿತು, ಚಹಾ ಕಾಯ್ದೆಯನ್ನೂ ಮಾಡಿತು. ಮೂರೂ 1773ರದ್ದೇ, ಮೂರೂ ಒಂದೇ ಕಂಪನಿಯನ್ನು ಎತ್ತಿ ನಿಲ್ಲಿಸುವ ಪ್ರಯತ್ನಗಳು. ನಮ್ಮ ಪಠ್ಯಗಳಲ್ಲಿ ಎರಡು ಬೇರೆ ಅಧ್ಯಾಯಗಳಲ್ಲಿ ಬರುವ ಈ ಕಾಯ್ದೆಗಳನ್ನು ಒಂದೇ ದಿನ ಪಾಠ ಮಾಡಿ ಎಂದು ನಿಮ್ಮಲ್ಲಿ ವಿನಂತಿ. ಪೆನ್ಸಿಲ್ವೇನಿಯದ ವಕೀಲ ಜಾನ್ ಡಿಕಿನ್‌ಸನ್ 1773ರ ಕೊನೆಯಲ್ಲಿ ಕಂಪನಿಯ ವಿರುದ್ಧ ಬರೆದಾಗ ಬಂಗಾಳದ ಬರದ ಸಾವುಗಳನ್ನೇ ಎತ್ತಿ ತೋರಿಸಿದ. ಅಲ್ಲಿಯ ಓದುಗರಿಗೆ ಈ ಕಂಪನಿ ಏನು ಮಾಡಬಲ್ಲದು ಎಂಬುದು ಗೊತ್ತಿತ್ತು.

ಹಿನ್ನೆಲೆಯನ್ನು ಚುಟುಕಾಗಿ ಹೇಳಿ ಸಾಕು. ಫ್ರೆಂಚರೊಂದಿಗಿನ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನಿನ ಸಾಲ ಸುಮಾರು 7.5 ಕೋಟಿ ಪೌಂಡಿನಿಂದ 13 ಕೋಟಿ ದಾಟಿತ್ತು, ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇಡುವ ತೀರ್ಮಾನವಾಗಿತ್ತು. ಅದೇ ವರ್ಷ ಅಪಲೇಶಿಯನ್ ಬೆಟ್ಟಗಳ ಪಶ್ಚಿಮಕ್ಕೆ ನೆಲೆಸಬಾರದು ಎಂಬ ಆಜ್ಞೆ ಹೊರಟಿತು. ಮೂಲನಿವಾಸಿಗಳ ನೆಲಕ್ಕೆ ಅದು ತುಸು ರಕ್ಷಣೆ, ಭೂಮಿಯ ಮೇಲೆ ಕಣ್ಣಿಟ್ಟಿದ್ದ ವಸಾಹತುಗಾರರಿಗೆ ಸಿಟ್ಟು. 1764ರಲ್ಲಿ ಕಾಕಂಬಿಯ ಸುಂಕವನ್ನು ಗ್ಯಾಲನ್ನಿಗೆ 6 ಪೆನ್ಸಿನಿಂದ 3ಕ್ಕೆ ಇಳಿಸಿದರು, ಆದರೆ ಹಿಂದೆ ಲಂಚ ಕೊಟ್ಟು ತಪ್ಪಿಸಿಕೊಳ್ಳುತ್ತಿದ್ದ ಸುಂಕವನ್ನು ಈಗ ನಿಜವಾಗಿ ವಸೂಲಿ ಮಾಡತೊಡಗಿದರು. ಸಿಕ್ಕಿಬಿದ್ದವರ ವಿಚಾರಣೆ ಜ್ಯೂರಿ ಇಲ್ಲದ ನೌಕಾ ನ್ಯಾಯಾಲಯಗಳಲ್ಲಿ. ಇಲ್ಲಿಯೂ ದರ ಇಳಿದಿತ್ತು, ಕೋಪ ಏರಿತ್ತು.

ಸ್ಟಾಂಪ್ ಕಾಯ್ದೆಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. 1765ರ ನವೆಂಬರ್ 1ರಿಂದ ದಾವೆ ಪತ್ರ, ಕರಾರು, ಪತ್ರಿಕೆ, ಪಂಚಾಂಗ, ಇಸ್ಪೀಟು ಎಲ್ಲಕ್ಕೂ ಛಾಪಾ ಕಾಗದ ಬೇಕೆಂದಾಯಿತು. ಇಸ್ಪೀಟು ಕಟ್ಟಿಗೆ ಒಂದು ಶಿಲಿಂಗ್, ಜೊತೆ ದಾಳಕ್ಕೆ 10 ಶಿಲಿಂಗ್. ಕಟ್ಟಬೇಕಾದದ್ದು ಬ್ರಿಟಿಷ್ ಹಣದಲ್ಲಿ. ಹಿಂದಿನ ವರ್ಷವೇ ವಸಾಹತುಗಳ ಕಾಗದದ ನೋಟಿಗೆ ಕಡಿವಾಣ ಬಿದ್ದಿದ್ದರಿಂದ ಕೈಯಲ್ಲಿ ನಾಣ್ಯವೇ ಇರಲಿಲ್ಲ. ವಕೀಲರು, ಮುದ್ರಕರು, ವ್ಯಾಪಾರಿಗಳು, ಹೋಟೆಲು ನಡೆಸುವವರು, ಹೀಗೆ ಊರಿನಲ್ಲಿ ಬಾಯಿ ಇದ್ದವರ ಮೇಲೆಯೇ ಹೊರೆ ಬಿತ್ತು. ಕಾಯ್ದೆ ವಿಫಲವಾದ ರೀತಿಯೂ ಪಾಠಕ್ಕೆ ಒಳ್ಳೆಯದು: ಪ್ರತಿ ವಸಾಹತಿನಲ್ಲಿ ಛಾಪಾ ಕಾಗದ ಹಂಚಲು ಒಬ್ಬ ಅಧಿಕಾರಿ ಇದ್ದ. ಆಗಸ್ಟ್ 14ರಂದು ಬಾಸ್ಟನ್ನಿನಲ್ಲಿ ಅಂಥ ಅಧಿಕಾರಿ ಆಂಡ್ರೂ ಆಲಿವರನ ಪ್ರತಿಕೃತಿಯನ್ನು ಮರಕ್ಕೆ ನೇತುಹಾಕಿ ಅವನಿಂದ ರಾಜೀನಾಮೆಯ ಮಾತು ಪಡೆದರು; ಉಳಿದ ಕಡೆಯೂ ಹೆಚ್ಚುಕಡಿಮೆ ಅದೇ ಆಯಿತು. ಹಂಚುವವರೇ ಇಲ್ಲದ ಮೇಲೆ ಕಾಯ್ದೆ ನಿಂತುಹೋಯಿತು. 1766ರ ಮಾರ್ಚ್ 18ರಂದು ಪಾರ್ಲಿಮೆಂಟ್ ಅದನ್ನು ರದ್ದು ಮಾಡಿತು, ಆದರೆ ಅದೇ ದಿನ “ಯಾವುದೇ ವಿಷಯದಲ್ಲೂ” ವಸಾಹತುಗಳನ್ನು ಬಂಧಿಸುವ ಕಾನೂನು ಮಾಡುವ ಹಕ್ಕು ತನಗಿದೆ ಎಂಬ ಘೋಷಣಾ ಕಾಯ್ದೆಯನ್ನೂ ಪಾಸು ಮಾಡಿತು. ಹಣ ಬಿಟ್ಟರು, ಹಕ್ಕು ಬಿಡಲಿಲ್ಲ.

ಇನ್ನೆರಡು ತಪ್ಪು ತಿಳಿವಳಿಕೆಗಳು. ಬ್ರಿಟಿಷ್ ಸೈನಿಕರನ್ನು ಜನರ ಮನೆಯೊಳಗೆ ನುಗ್ಗಿಸಿ ಇರಿಸಿದರು ಎಂದು ಹಲವು ಕಡೆ ಬರೆದಿರುತ್ತದೆ. 1765ರ ಕಾಯ್ದೆ ಹೇಳಿದ್ದು ಬ್ಯಾರಕ್, ಅದು ಸಾಲದಿದ್ದರೆ ಛತ್ರ ಹೆಂಡದಂಗಡಿ, ಅದೂ ಸಾಲದಿದ್ದರೆ ಖಾಲಿ ಕಟ್ಟಡ. ಸೌದೆ, ಮೇಣದಬತ್ತಿ, ಉಪ್ಪು, ವಿನೆಗರ್, ಹಾಸಿಗೆಯ ಖರ್ಚು ವಸಾಹತಿನ ಶಾಸನಸಭೆಯದು. ತಗಾದೆ ಆ ಖರ್ಚಿನದ್ದು, ಅಂದರೆ ಮತ್ತೆ ಕೇಳದೆ ಹೇರಿದ ತೆರಿಗೆಯದ್ದೇ. ಎರಡನೆಯದು, ಮೊದಲಿನಿಂದಲೂ ಎಲ್ಲರೂ ದೊರೆಯ ವಿರುದ್ಧ ಇದ್ದರು ಎಂಬುದು. 1775ರ ಜುಲೈನಲ್ಲಿ ಕೂಡ, ಲೆಕ್ಸಿಂಗ್ಟನ್ನಿನಲ್ಲಿ ಯುದ್ಧದ ಮೊದಲ ಗುಂಡು ಹಾರಿದ ಮೇಲೂ, ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ಮೂರನೆಯ ಜಾರ್ಜ್‌ಗೆ ಸಂಧಾನದ ಮನವಿ ಕಳಿಸಿತು. ದೂರು ಇದ್ದದ್ದು ಪಾರ್ಲಿಮೆಂಟಿನ ಮೇಲೆ, ಮಂತ್ರಿಗಳ ಮೇಲೆ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಬೇರೆ ದಾರಿಗಳಿದ್ದವೇ? ಇದ್ದವು. ಬಾಸ್ಟನ್ನಿನಲ್ಲಿ ಅವು ಒಂದೊಂದಾಗಿ ಹೇಗೆ ಮುಚ್ಚಿಕೊಂಡವು ಎಂಬುದನ್ನು ತಿಳಿಯಲು ಸುಂಕದ ನಿಯಮ ತಿಳಿದಿರಬೇಕು. ಹಡಗು ಬಂದರಿಗೆ ಬಂದು ಸುಂಕದ ಕಚೇರಿಯಲ್ಲಿ ದಾಖಲಾದ 20 ದಿನಗಳಲ್ಲಿ ಸುಂಕ ಕಟ್ಟಬೇಕು; ಇಲ್ಲದಿದ್ದರೆ ಅಧಿಕಾರಿಗಳು ಸರಕನ್ನು ಜಪ್ತಿ ಮಾಡಿ ಇಳಿಸಬಹುದು. ಡಾರ್ಟ್‌ಮತ್ ಹಡಗು ನವೆಂಬರ್ 28ಕ್ಕೆ ಬಂತು, ಎಲಿನರ್ ಮತ್ತು ಬೀವರ್ ಆಮೇಲೆ. ಡಾರ್ಟ್‌ಮತ್‌ನ ಗಡುವು ಡಿಸೆಂಬರ್ 17ಕ್ಕೆ ಮುಗಿಯುತ್ತಿತ್ತು.

ಮೊದಲ ದಾರಿ, ಸುಂಕ ಕಟ್ಟಿ ಇಳಿಸಿಕೊಳ್ಳುವುದು. ಚಹಾ ಒಮ್ಮೆ ದಡ ಮುಟ್ಟಿದರೆ ಬಹಿಷ್ಕಾರ ಉಳಿಯುವುದಿಲ್ಲ ಎಂಬುದು ಪತ್ರವ್ಯವಹಾರ ಸಮಿತಿಯವರ ಲೆಕ್ಕ, ಅದು ಸುಳ್ಳಲ್ಲ. ಎರಡನೆಯದು ವಾಪಸು ಕಳಿಸುವುದು. ಫಿಲಡೆಲ್ಫಿಯಾದವರು ತಮ್ಮ ಪಾಲಿನ ಹಡಗನ್ನು ಸುಂಕದ ಕಚೇರಿಯಲ್ಲಿ ದಾಖಲಾಗುವ ಮೊದಲೇ ತಡೆದು ಹಿಂದಕ್ಕೆ ತಿರುಗಿಸಿದರು, ಯಾವ ತೊಡಕೂ ಆಗಲಿಲ್ಲ. ಬಾಸ್ಟನ್ನಿನಲ್ಲಿ ಹಡಗುಗಳು ಆಗಲೇ ದಾಖಲಾಗಿ ಗ್ರಿಫಿನ್ ಧಕ್ಕೆಗೆ ಬಂದು ನಿಂತಿದ್ದವು. ಸುಂಕ ಕಟ್ಟದೆ ಹೊರಡುವ ಪರವಾನಗಿ ಇಲ್ಲ, ಆ ಪರವಾನಗಿ ಇಲ್ಲದೆ ಬಂದರಿನ ಕೋಟೆ ದಾಟಲು ಗವರ್ನರನ ರಹದಾರಿ ಇಲ್ಲ. ಹಡಗಿನ ಮಾಲೀಕರಲ್ಲೊಬ್ಬನಾದ ಫ್ರಾನ್ಸಿಸ್ ರಾಚ್ ಡಿಸೆಂಬರ್ 16ರಂದು ಹಚಿನ್‌ಸನ್‌ನ ಬಳಿಗೇ ಹೋಗಿ ಕೇಳಿದ, ಆತ ಕೊಡಲಿಲ್ಲ. ಮೂರನೆಯದು, ಇಳಿಸಿ ಬೀಗ ಹಾಕಿ ಇಡುವುದು. ದಕ್ಷಿಣದ ಚಾರ್ಲ್ಸ್‌ಟನ್ನಿನಲ್ಲಿ ಹಾಗೆಯೇ ಆಯಿತು, ಜಪ್ತಿಯಾದ ಚಹಾ ನೆಲಮಾಳಿಗೆಯಲ್ಲಿ ಮಾರಾಟವಾಗದೆ ಉಳಿಯಿತು. ಬಾಸ್ಟನ್ನಿನಲ್ಲಿ ಇದಕ್ಕೆ ಎರಡೂ ಕಡೆ ನಂಬಿಕೆ ಬೇಕಿತ್ತು. 1770ರ ಮಾರ್ಚ್ 5ರಂದು ಸೈನಿಕರ ಗುಂಡಿಗೆ ಐವರು ಸತ್ತಿದ್ದ ಊರು ಅದು. ವಕೀಲ ಜಾನ್ ಆಡಮ್ಸ್ ಸೈನಿಕರ ಪರ ವಾದಿಸಿ ಹೆಚ್ಚಿನವರನ್ನು ಬಿಡಿಸಿದ್ದ, ನ್ಯಾಯಾಲಯದ ಮೇಲೆ ಭರವಸೆ ಇನ್ನೂ ಸ್ವಲ್ಪ ಉಳಿದಿತ್ತು. ಗವರ್ನರನ ಮೇಲೆ ಉಳಿದಿರಲಿಲ್ಲ. ಉಳಿದದ್ದು ನಾಲ್ಕನೆಯ ದಾರಿ. ಆ ರಾತ್ರಿ ಮೊಹಾಕ್ ಎಂಬ ಮೂಲನಿವಾಸಿಗಳ ವೇಷ ಹಾಕಿದವರು 340ರಷ್ಟು ಪೆಟ್ಟಿಗೆಗಳನ್ನು ಒಡೆದು ಸುರಿದರು. ಹಡಗಿನ ಬೇರೆ ಸರಕನ್ನು ಮುಟ್ಟಲಿಲ್ಲ.

ಹಚಿನ್‌ಸನ್ ದುಷ್ಟನಾಗಿರಲಿಲ್ಲ, ಅದನ್ನು ಮಕ್ಕಳಿಗೆ ಹೇಳಿ. ಅಮೆರಿಕದಲ್ಲೇ ಹುಟ್ಟಿದವನು, ಸ್ಟಾಂಪ್ ಕಾಯ್ದೆ ಬೇಡವೆಂದು ಒಳಗಿಂದ ಹೇಳಿದ್ದವನು. ಆದರೂ 1765ರಲ್ಲಿ ಗುಂಪು ಅವನ ಮನೆಯನ್ನೇ ಪುಡಿಮಾಡಿತ್ತು. ಮತ್ತೆ ಬಗ್ಗಿದರೆ ಅಧಿಕಾರವೇ ಉಳಿಯದು ಎಂದು ಅವನು ಭಾವಿಸಿದ. ಬಾಸ್ಟನ್ನಿನವರೂ ತಮ್ಮ ಬಗ್ಗೆ ಹಾಗೆಯೇ ಭಾವಿಸಿದರು.

ಲಂಡನ್ನಿಗೂ ದಾರಿಗಳಿದ್ದವು. ತಪ್ಪಿತಸ್ಥರ ಮೇಲೆ ಮಾತ್ರ ಮೊಕದ್ದಮೆ ಹೂಡುವುದು; ಆದರೆ ಗಟ್ಟಿ ಸಾಕ್ಷ್ಯವಿರಲಿಲ್ಲ, ಬಾಸ್ಟನ್ ಜ್ಯೂರಿ ಶಿಕ್ಷೆ ಕೊಡುವಂತಿರಲಿಲ್ಲ. ಚಹಾದ ಬೆಲೆಯನ್ನು ಕೇಳುವುದು. ಲಂಡನ್ನಿನಲ್ಲಿ ವಸಾಹತುಗಳ ಪ್ರತಿನಿಧಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್‌ನಂಥವರು ಕಂಪನಿಗೆ ಪರಿಹಾರ ಕೊಡಬೇಕೆಂದೇ ಹೇಳುತ್ತಿದ್ದರು. ಸುಂಕವನ್ನೇ ಎತ್ತಿಬಿಡುವುದು; 1774ರ ಏಪ್ರಿಲ್ 19ರಂದು ಆ ನಿರ್ಣಯ ಬಂತು, ಪಾರ್ಲಿಮೆಂಟ್ ಸದಸ್ಯ ಎಡ್ಮಂಡ್ ಬರ್ಕ್ ಅದರ ಪರ ಮಾತನಾಡಿದ, ಭಾರೀ ಬಹುಮತದಿಂದ ಬಿದ್ದುಹೋಯಿತು. ಪ್ರಧಾನಿ ನಾರ್ತ್ ಆರಿಸಿಕೊಂಡದ್ದು ಇಡೀ ಊರಿಗೆ ಶಿಕ್ಷೆ: ಜೂನ್ 1ರಿಂದ ಬಂದರು ಬಂದ್, ಮ್ಯಾಸಚೂಸೆಟ್ಸ್‌ನ ಮೇಲ್ಸಭೆಗೆ ದೊರೆಯ ನೇಮಕ, ಗವರ್ನರನ ಅನುಮತಿ ಇಲ್ಲದೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪಟ್ಟಣ ಸಭೆ ಇಲ್ಲ.

ಬಹಳಷ್ಟು ಪಾಠಗಳು ಬಂದರಿನಲ್ಲೇ ನಿಂತುಬಿಡುತ್ತವೆ. ನನಗೆ ಅದು ದೊಡ್ಡ ಕೊರತೆಯಾಗಿ ಕಾಣುತ್ತದೆ. ಚಹಾದ ಗಲಾಟೆಗೆ ಬಾರದೆ ಹೊಲ ಉಳುತ್ತಿದ್ದ ರೈತರನ್ನು ಎಬ್ಬಿಸಿದ್ದು ಈ ಪಟ್ಟಣ ಸಭೆಯ ನಿಷೇಧ. ಊರ ರಸ್ತೆ, ಬೇಲಿ, ಬಡವರ ಖರ್ಚು ಎಲ್ಲ ನಿರ್ಧಾರವಾಗುತ್ತಿದ್ದದ್ದು ಆ ಸಭೆಗಳಲ್ಲಿ. 1774ರ ಸೆಪ್ಟೆಂಬರ್ 6ರಂದು ಮ್ಯಾಸಚೂಸೆಟ್ಸ್‌ನ ಒಳನಾಡಿನ ಊರು ವೂಸ್ಟರ್‌ನಲ್ಲಿ 4,600ಕ್ಕೂ ಹೆಚ್ಚು ಜನ ಸೇರಿ ನ್ಯಾಯಾಲಯ ತೆರೆಯದಂತೆ ತಡೆದರು, ಅಧಿಕಾರಿಗಳಿಂದ ಎಲ್ಲರೆದುರು ರಾಜೀನಾಮೆ ಓದಿಸಿದರು. ಒಂದು ಗುಂಡೂ ಹಾರಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಬಾಸ್ಟನ್ನಿನ ಹೊರಗೆ ಬ್ರಿಟಿಷ್ ಆಡಳಿತ ಮುಗಿದದ್ದು ಆ ಶರತ್ಕಾಲದಲ್ಲಿ, 1775ರ ಏಪ್ರಿಲ್ 19ರ ಗುಂಡಿನ ಕಾಳಗಕ್ಕೆ ತಿಂಗಳುಗಳ ಮೊದಲೇ.

ತರಗತಿಯ ಚರ್ಚೆಗೆ ಎರಡು ಪೀರಿಯಡ್ ಇಟ್ಟುಕೊಳ್ಳಿ. ಮೊದಲ ದಿನ 1773ರ ಡಿಸೆಂಬರ್ 15ಕ್ಕೆ ಗಡಿಯಾರ ನಿಲ್ಲಿಸಿ: ಹಚಿನ್‌ಸನ್, ರಾಚ್, ಕಂಪನಿಯ ಏಜೆಂಟ್, ಡಚ್ ಚಹಾ ತರುವ ವ್ಯಾಪಾರಿ, ಮುದ್ರಕ, ವೂಸ್ಟರ್‌ನ ರೈತ. ಏಳನೆಯ ಪಾತ್ರವಾಗಿ ಒಬ್ಬ ಗುಲಾಮನನ್ನು ಸೇರಿಸಿ. ಅದೇ 1773ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಗುಲಾಮರು ತಮ್ಮ ಬಿಡುಗಡೆಗಾಗಿ ಗವರ್ನರ್ ಮತ್ತು ಶಾಸನಸಭೆಗೆ ಮನವಿ ಕೊಟ್ಟಿದ್ದರು. ಪ್ರತಿಯೊಬ್ಬರ ಚೀಟಿಯಲ್ಲಿ ಅವರಿಗೆ ಆ ದಿನ ಗೊತ್ತಿದ್ದಷ್ಟನ್ನೇ ಬರೆಯಿರಿ. ಎರಡನೆಯ ದಿನ 1774ರ ಮಾರ್ಚ್, ಪಾರ್ಲಿಮೆಂಟ್. ಇಲ್ಲಿ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಮಕ್ಕಳಿಗೆ 1776 ಗೊತ್ತಿರುತ್ತದೆ, ನಾರ್ತ್‌ನ ಪಾತ್ರದವನು ಮೊದಲೇ ಸೋತವನಂತೆ ಮಾತನಾಡುತ್ತಾನೆ. ಅವನಿಗೆ ಗಟ್ಟಿ ವಾದ ಕೊಡಿ. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ಗಳಿಗೂ ಪ್ರತಿನಿಧಿಗಳಿರಲಿಲ್ಲ, ಆದರೂ ಅವು ತೆರಿಗೆ ಕಟ್ಟುತ್ತಿದ್ದವು ಎಂಬುದು ಒಂದು. ಈ ಯುದ್ಧಸಾಲದ ಒಂದು ಭಾಗ ವಸಾಹತುಗಳ ರಕ್ಷಣೆಗೇ ಆದದ್ದು ಎಂಬುದು ಇನ್ನೊಂದು.

ಮಕ್ಕಳು ದಂಡಿಯ ಉಪ್ಪಿನ ಸತ್ಯಾಗ್ರಹದೊಂದಿಗೆ ಹೋಲಿಸುತ್ತಾರೆ, ತಡೆಯಬೇಡಿ, ಆದರೆ ವ್ಯತ್ಯಾಸ ಹೇಳಿಸಿ. ಉಪ್ಪಿನ ತೆರಿಗೆ ಬಡವರ ತಟ್ಟೆಯ ಮೇಲಿನ ಹೊರೆ, ನಮ್ಮವರು ಗೆದ್ದವರ ಕೈಕೆಳಗಿನ ಜನ. ಅಮೆರಿಕದ ವಸಾಹತುಗಾರರು ಬೇರೆಯವರ ನೆಲದಲ್ಲಿ ನೆಲೆ ನಿಂತವರು, ತಮ್ಮದೇ ಶಾಸನಸಭೆ ಇದ್ದವರು, ಇರುವ ಹಕ್ಕು ಕೈತಪ್ಪುತ್ತದೆಂದು ಎದ್ದವರು.

ಕರ್ನಾಟಕದ ನಂಟು ಇರುವುದು ಈ ಉದ್ವಿಗ್ನತೆಯ ವರ್ಷಗಳಲ್ಲಲ್ಲ, ಆಮೇಲಿನ ಯುದ್ಧದಲ್ಲಿ. 1778ರಲ್ಲಿ ಫ್ರಾನ್ಸ್ ಅಮೆರಿಕದ ಪರ ನಿಂತಿತು. ಅದರಿಂದಾಗಿ ಬ್ರಿಟಿಷರು 1779ರಲ್ಲಿ ಮಲಬಾರಿನ ಫ್ರೆಂಚ್ ಬಂದರು ಮಾಹೆಯನ್ನು ಹಿಡಿದರು. ಹೈದರಾಲಿಗೆ ಯುದ್ಧಸಾಮಗ್ರಿ ಬರುತ್ತಿದ್ದದ್ದು ಅಲ್ಲಿಂದ. ಎರಡನೆಯ ಮೈಸೂರು ಯುದ್ಧದ ಕಾರಣಗಳಲ್ಲಿ ಅದೂ ಒಂದು. ಫಿಲಡೆಲ್ಫಿಯಾದವರಿಗೆ ಆ ಸುದ್ದಿ ತಲುಪಿತ್ತು: ಪೆನ್ಸಿಲ್ವೇನಿಯದ ಒಂದು ಯುದ್ಧನೌಕೆಯ ಹೆಸರೇ ‘ಹೈದರ್ ಆಲಿ’, ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಅದು 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಸೇನೆಯ ನಾಯಕ ಕಾರ್ನ್‌ವಾಲಿಸ್ ಮುಂದೆ ಗವರ್ನರ್ ಜನರಲ್ ಆಗಿ ಬಂದು, 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದ.